ಹನ್ನೊಂದರಂದು ಹಾರಿದವರು ಹನ್ನೆರಡರಂದು ಇಳಿದ ಕತೆ

ಈ ಬರಹವನ್ನು ನಾನು ಎಷ್ಟು ಸಲ ಮುಂದೂಡಿದೆ ಎಂದು ಹೇಳಿದರೆ ನಿಮಗೆ ನಗು ಬಂದೀತು. ಮೊದಲು ಕಣ್ಣಿನ ಪೊರೆಯ ಆಪರೇಶನ್ ಆಗಲಿ ಎಂದೆ. ಆಯಿತು. ಆಮೇಲೆ ಮಳೆ ಬಿಡಲಿ ಎಂದೆ. ಬಿಟ್ಟಿತು. ಒಳ್ಳೆಯ ಪೆನ್ನು ಸಿಗಲಿ ಎಂದೆ. ಮಗಳು ಮೂರು ಪೆನ್ನು ತಂದು ಮೇಜಿನ ಮೇಲಿಟ್ಟಳು. ಉಡುಪಿಯ ಒಂದು ಸಂಜೆ ಪತ್ರಿಕೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದವನು ನಾನು. ದಿನವೂ ಮಧ್ಯಾಹ್ನ ಒಂದು ಗಂಟೆಯೊಳಗೆ ಪುಟ ಮುಗಿಸಿ ಕೊಟ್ಟವನು. ಅಂಥವನಿಗೆ ನಾಲ್ಕು ಹಾಳೆ ಬರೆಯಲು ಇಷ್ಟು ವರ್ಷ ಹಿಡಿಯಿತೆಂದರೆ, ಹೇಳಬೇಕಾದ್ದರಲ್ಲಿ ಒಂದು ಸಂಗತಿ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕುಳಿತಿದೆ ಎಂದೇ ಅರ್ಥ.

ಪತ್ರಿಕೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಅಂಕಲ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಬರೆದುಕೊಡಿ" ಎನ್ನುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರಗಳ ಸುದ್ದಿ ಬಿಡುತ್ತೇನೆ. ಅವು ಎಲ್ಲರಿಗೂ ಒಂದೇ ತರಹ ಇರುತ್ತವೆ.

ನಾನು ಕಾಪುವಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮೊಳೆ ಎಂದರೆ ಸೀಸದ ಅಕ್ಷರ. ಒಂದೊಂದೇ ಅಕ್ಷರವನ್ನು ಮರದ ಖಾನೆಗಳಿಂದ ಹೆಕ್ಕಿ, ಉಲ್ಟಾ ಓದುತ್ತಾ ಸಾಲು ಕಟ್ಟಬೇಕು. ಬೆಳಿಗ್ಗೆ ಎಂಟಕ್ಕೆ ಶುರು. ಮೂರು ಗಂಟೆಯ ಬಸ್ಸಿಗೆ ಕಾರ್ಕಳ, ಬೆಳ್ಮಣ್, ಕಾಪು ಕಡೆಯ ಪತ್ರಿಕೆ ಕಟ್ಟುಗಳು ಹೋಗಲೇಬೇಕು. ಕಂಡಕ್ಟರ್ ಸೀಟಿ ಊದಿದ ಮೇಲೆ ದೇವರು ಬಂದರೂ ಬಸ್ಸು ನಿಲ್ಲುತ್ತಿರಲಿಲ್ಲ.

ನಮ್ಮ ಸಂಪಾದಕರು ಉಪಾಧ್ಯರು. ಎತ್ತರದ ಆಳು, ಎತ್ತರದ ದನಿ. ಒಂದು ದಿನ ಮೂರನೇ ಪುಟದ ಬಟ್ಟೆ ಅಂಗಡಿಯ ಜಾಹೀರಾತು ನಿಂತುಹೋಗಿ ಅಂಗೈ ಅಗಲದ ಜಾಗ ಖಾಲಿ ಬಿತ್ತು. ಅದರ ಪಕ್ಕದಲ್ಲೇ ರಾಶಿಫಲ.

"ಶೀನ, ಇಲ್ಲಿ ಎಂತ ಹಾಕುವ?"

"ಎಂತಾದರೂ ಹಾಕುವ ಸಾರ್."

"ಎಂತಾದರೂ ಅಲ್ಲ. ಯುದ್ಧ ಹಾಕು. ದಿನಕ್ಕೊಂದು. ಇವತ್ತಿನ ತಾರೀಖಿಗೆ ಹಿಂದೆ ಎಲ್ಲೆಲ್ಲಿ ಯುದ್ಧ ಆಗಿದೆ ನೋಡು. ನಮ್ಮವರಿಗೆ ಚಾ ಕುಡಿಯುವಾಗ ಬೇರೆಯವರ ಜಗಳ ಓದ್ಲಿಕ್ಕೆ ಬಹಳ ಖುಷಿ."

"ಯಾರು ಬರೆಯುದು ಸಾರ್?"

"ನೀನೇ. ಕಡ್ಲೆ ಕಟ್ಟಿದ ಕಾಗದವನ್ನೂ ಓದದೆ ಬಿಸಾಡುದಿಲ್ಲ ನೀನು. ನೋಡಿದ್ದೇನೆ ನಾನು."

ಹೀಗೆ 'ರಣರಂಗದಲ್ಲಿ ಈ ದಿನ' ಹುಟ್ಟಿತು. ಹಳೆಯ ವಿಶ್ವಕೋಶ, ಶಾಲೆಯವರು ರದ್ದಿಗೆ ಹಾಕಿದ ಚರಿತ್ರೆ ಪುಸ್ತಕ, ಗ್ರಂಥಾಲಯದ ಹರಿದ ಪತ್ರಿಕೆಗಳು, ಎಲ್ಲದರಿಂದ ಹೆಕ್ಕಿ ಚೀಟಿ ಬರೆದೆ. ಮುನ್ನೂರ ಅರವತ್ತಾರು ಲಕೋಟೆ ಮಾಡಿದೆ, ಫೆಬ್ರವರಿ ಇಪ್ಪತ್ತೊಂಬತ್ತಕ್ಕೂ ಒಂದು. ಚೀಟಿಗಳು ಲಕೋಟೆ ಸೇರುತ್ತಿದ್ದಂತೆ ನನಗೆ ಹುಚ್ಚೇ ಹಿಡಿಯಿತು. ಅಕ್ಟೋಬರ್ ಇಪ್ಪತ್ತೈದರ ಲಕೋಟೆ ತೆಗೆದರೆ, ೧೪೧೫ರಲ್ಲಿ ಅಜಿನ್‌ಕೋರ್ಟಿನ ಕೆಸರಿನಲ್ಲಿ ಫ್ರೆಂಚರು ಬಾಣಕ್ಕೆ ಬೀಳುತ್ತಿದ್ದಾರೆ. ೧೮೫೪ರಲ್ಲಿ ಬಾಲಾಕ್ಲಾವಾದ ಕಣಿವೆಯಲ್ಲಿ ಇಂಗ್ಲಿಷರ ಕುದುರೆಗಳು ತೋಪಿನ ಬಾಯಿಗೇ ಓಡುತ್ತಿವೆ. ಸೆಪ್ಟೆಂಬರ್ ಇಪ್ಪತ್ತಮೂರರಲ್ಲಿ ೧೮೦೩ರ ಅಸ್ಸಾಯೆಯಲ್ಲಿ ಮರಾಠರ ಫಿರಂಗಿ ಗುಡುಗುತ್ತಿದ್ದರೆ, ೧೯೬೫ರಲ್ಲಿ ಕದನವಿರಾಮವಾಗಿ ಎಲ್ಲ ಬಂದೂಕು ತಣ್ಣಗಾಗಿವೆ. ಕಾರ್ಕಳದ ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವರು ಒಂದೇ ಸೀಟಿನಲ್ಲಿ ಒತ್ತಿ ಕುಳಿತ ಹಾಗೆ, ಶತಮಾನಗಳು ಮೊಣಕೈ ತಾಗಿಸಿಕೊಂಡು ಕುಳಿತಿದ್ದವು!

ಮನೆಗೆ ಓಡಿಬಂದು ಹೆಂಡತಿಗೆ ಹೇಳಿದೆ: "ಗೊತ್ತುಂಟಾ? ಜಪಾನಿನ ಸೆಕಿಗಹಾರ, ಸ್ಪೇನಿನ ಹತ್ತಿರದ ಟ್ರಫಾಲ್ಗರ್, ಎರಡೂ ಅಕ್ಟೋಬರ್ ಇಪ್ಪತ್ತೊಂದಕ್ಕೇ!"

ಅವಳು ಮೊರ ಕೆಳಗಿಡದೆ ಹೇಳಿದಳು: "ಅಕ್ಕಿ ಮುಗಿದದ್ದೂ ಇವತ್ತೇ. ಅದನ್ನೂ ಬರ್ಕೊಳ್ಳಿ."

ಮೊದಲ ದೊಡ್ಡ ಎಡವಟ್ಟು ಆದದ್ದು ಆ ಬಾಲಾಕ್ಲಾವಾದಿಂದಲೇ. ನನ್ನ ಯುದ್ಧದ ಸಾಲುಗಳು, ರಾಶಿಫಲದ ಸಾಲುಗಳು ಒಂದೇ ಅಳತೆಯವು, ಅಕ್ಕಪಕ್ಕದ ಹಲಗೆಗಳಲ್ಲಿ ಕಟ್ಟಿಟ್ಟಿದ್ದವು. ಅವಸರದಲ್ಲಿ ನನ್ನ ಮೊಣಕೈ ತಾಗಿ ಎರಡೂ ಕೆಳಗೆ ಬಿದ್ದವು. ಗಂಟೆ ಒಂದಾಗಿತ್ತು. ಕೈಗೆ ಸಿಕ್ಕ ಸಾಲುಗಳನ್ನು ಎತ್ತಿ ಸೇರಿಸಿ ಕೊಟ್ಟೆ. ಸಂಜೆ ಪತ್ರಿಕೆಯಲ್ಲಿ ಹೀಗಿತ್ತು: "ಕನ್ಯಾ: ಆರುನೂರು ಕುದುರೆಗಳೊಂದಿಗೆ ತೋಪುಗಳತ್ತ ನುಗ್ಗುವಿರಿ. ಸಂಜೆ ಬಂಧುಗಳ ಭೇಟಿ." ಪಕ್ಕದ ರಣರಂಗದಲ್ಲಿ: "ರಷ್ಯದ ಸೇನೆಗೆ ವಿವಾಹ ಮಾತುಕತೆಯಲ್ಲಿ ಮುನ್ನಡೆ. ಬಿಳಿ ಬಣ್ಣ ಶುಭ."

ಮರುದಿನ ಕಾರ್ಕಳದಿಂದ ಒಬ್ಬರು ಬಸ್ಸು ಹತ್ತಿ ಬಂದರು. "ನನ್ನದು ಕನ್ಯಾ ರಾಶಿ ಮಾರ್ರೆ. ಬಂಧುಗಳು ಬಂದರು, ಅದು ಸರಿ. ಕುದುರೆಯದ್ದು ಎಂತ?"

ಉಪಾಧ್ಯರು ಕನ್ನಡಕ ತೆಗೆದು ಗಂಭೀರವಾಗಿ ಹೇಳಿದರು: "ಅದು ನಿನ್ನೆಗೆ ಮುಗೀತು. ಇನ್ನು ಹೆದರಿಕೆ ಇಲ್ಲ." ಆತ ಸಮಾಧಾನದಿಂದ ಹೋದ. ಉಪಾಧ್ಯರು ನನ್ನನ್ನು ಬೈಯಲು ಬಾಯಿ ತೆರೆದವರು ನಗು ತಡೆಯಲಾಗದೆ ಮೇಜಿನ ಮೇಲೆ ತಲೆಯಿಟ್ಟುಬಿಟ್ಟರು.

ಆ ನಗುವಿನಿಂದ ನಾನು ಕಲಿಯಬೇಕಾದ್ದನ್ನು ಕಲಿಯಲಿಲ್ಲ. ತಪ್ಪು ಮಾಡಿದರೆ ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದು ತಿಳಿದೆ.

ನಮ್ಮಲ್ಲಿ ಪ್ರೂಫ್ ನೋಡುತ್ತಿದ್ದವರು ಶಂಕರಪುರದ ಲಿಲ್ಲಿ ಬಾಯಿ. ಬೆಳಿಗ್ಗೆ ಮನೆಯಲ್ಲಿ ಮಲ್ಲಿಗೆ ಕಟ್ಟಿ, ಚೆಂಡುಗಳನ್ನು ಅಟ್ಟೆ ಲೆಕ್ಕದಲ್ಲಿ ಮಾರಾಟಕ್ಕೆ ಕಳಿಸಿ, ಅದೇ ಕೈಯಲ್ಲಿ ನಮ್ಮ ಪ್ರೂಫ್ ಹಿಡಿಯುತ್ತಿದ್ದರು. ಸೀಸ ಮತ್ತು ಶಾಯಿಯ ವಾಸನೆಯ ನಡುವೆ ಅವರ ಹಾಳೆ ಮಾತ್ರ ಘಮ ಎನ್ನುತ್ತಿತ್ತು. ಅವರ ಕೆಂಪು ಪೆನ್ಸಿಲ್ಲಿಗೆ ಉಪಾಧ್ಯರೂ ಹೆದರುತ್ತಿದ್ದರು.

ಲಕೋಟೆಗಳಲ್ಲಿ ಕೆಲವು ಖಾಲಿ ಇದ್ದವು. ಆ ದಿನ ಲೋಕದಲ್ಲಿ ಯುದ್ಧವೇ ಆಗಿರಲಿಲ್ಲವೆಂದಲ್ಲ, ನನಗೆ ಸಿಕ್ಕಿರಲಿಲ್ಲ, ಅಷ್ಟೆ. ಉಪಾಧ್ಯರದ್ದು ಒಂದೇ ಕಟ್ಟಪ್ಪಣೆ: ಜಾಗ ಖಾಲಿ ಬಿಡಬಾರದು. ಡಿಸೆಂಬರ್ ಹನ್ನೊಂದರಲ್ಲಿ ಎರಡು ಚೀಟಿ ಇತ್ತು. ೧೯೪೧ರಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿದ್ದು ಒಂದು. ೧೯೭೧ರ ಬಾಂಗ್ಲಾ ಯುದ್ಧದಲ್ಲಿ ನಮ್ಮ ಪ್ಯಾರಾಚೂಟ್ ಪಡೆ ಟಾಂಗೈಲಿನಲ್ಲಿ ಆಕಾಶದಿಂದ ಇಳಿದದ್ದು ಇನ್ನೊಂದು. ಹನ್ನೆರಡರ ಲಕೋಟೆ ಖಾಲಿ. ನಾನು ಎರಡನೇ ಚೀಟಿಯನ್ನು ಎತ್ತಿ ಹನ್ನೆರಡಕ್ಕೆ ಹಾಕಿದೆ. ಬಸ್ಸಿನಲ್ಲಿ ಒಬ್ಬರನ್ನು ಹಿಂದಿನ ಸೀಟಿಗೆ ಕಳಿಸಿದಷ್ಟೇ ಸುಲಭವಾಗಿ.

ಲಿಲ್ಲಿ ಬಾಯಿ ಪ್ರೂಫ್ ಹಿಡಿದುಕೊಂಡೇ ಬಂದರು. "ಶೀನಣ್ಣ, ಇದು ಹನ್ನೊಂದರದ್ದಲ್ವಾ? ನಿಮ್ಮ ಚೀಟಿಯಲ್ಲಿ ನಾನೇ ನೋಡಿದ್ದೇನೆ."

"ಒಂದು ದಿನ ಆಚೆ ಈಚೆ ಲಿಲ್ಲಿ ಬಾಯಿ. ಅಷ್ಟಕ್ಕೆ ಸತ್ತವರು ಎದ್ದು ಬರ್ತಾರಾ?"

"ಸತ್ತವರು ಬರುದಿಲ್ಲ. ಬದುಕಿದವರು ಬಂದ್ರೆ?"

ಬಂದೇಬಿಟ್ಟರು. ಮೂರನೇ ದಿನ, ಬೆಳ್ಮಣ್ಣಿನಿಂದ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು. ನಿವೃತ್ತ ಹವಾಲ್ದಾರ್ ಸಂಜೀವಣ್ಣ. ಕುಳ್ಳಗಿನ ಗಟ್ಟಿ ಮನುಷ್ಯ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

"ಇದನ್ನು ಬರೆದದ್ದು ಯಾರು?"

"ನಾನು."

"ಮಾರಾಯ, ನಾನು ವಿಮಾನದಿಂದ ಹಾರಿದ್ದು ಹನ್ನೊಂದಕ್ಕೆ, ಸಂಜೆ ಹೊತ್ತಿಗೆ. ನೀನು ಹನ್ನೆರಡಕ್ಕೆ ಇಳಿಸಿದ್ದಿ. ಒಂದು ದಿನ ಇಡೀ ನನ್ನನ್ನು ಆಕಾಶದಲ್ಲಿ ನೇತಾಡಿಸಿದಿಯಲ್ಲ! ಊಟಕ್ಕೆ ಎಂತ ಮಾಡುದು ನಾನು?"

ಇಡೀ ಕಚೇರಿ ಕೆಲಸ ನಿಲ್ಲಿಸಿ ನಕ್ಕಿತು. ಅವರಿಗೆ ಚಾ ತರಿಸಿದೆವು. ಅವರು ಇಳಿದ ಕತೆ ಹೇಳಿದರು. ಗದ್ದೆಗೆ ಇಳಿಯಬೇಕಾದವರು ಗಾಳಿಗೆ ಸರಿದು ಒಂದು ಕೆರೆಗೆ ಬಿದ್ದರಂತೆ. ಪ್ಯಾರಾಚೂಟಿನ ಬಟ್ಟೆ ಮೇಲೆ ಮುಚ್ಚಿಕೊಂಡು, ಮೊಣಕಾಲು ತಿರುಚಿ, ಇನ್ನು ಮುಗಿಯಿತು ಎಂದುಕೊಳ್ಳುವಾಗ ಊರಿನ ಒಬ್ಬಳು ಮುದುಕಿ ಬಿದಿರಿನ ಗಳ ಚಾಚಿದಳಂತೆ. "ಅವಳು ಬಂಗಾಳಿಯಲ್ಲಿ ಬೈದಳು, ನಾನು ತುಳುವಿನಲ್ಲಿ ಕೈ ಮುಗಿದೆ. ಇಬ್ಬರಿಗೂ ಅರ್ಥ ಆಯ್ತು" ಎಂದರು.

"ಬರುವ ವರ್ಷ ಸರಿ ಮಾಡ್ತೇನೆ ಸಂಜೀವಣ್ಣ" ಎಂದೆ.

ಬರುವ ವರ್ಷ ಮಾಡಲಿಲ್ಲ. ಅವರನ್ನು ಹನ್ನೊಂದಕ್ಕೆ ತಂದರೆ ಹನ್ನೆರಡು ಮತ್ತೆ ಖಾಲಿ. ಅವರು ಮತ್ತೆ ಬಂದರು, ಮತ್ತೆ ಚಾ, ಮತ್ತೆ ನಗು. ಉಪಾಧ್ಯರು ಕಿಟಕಿಯಿಂದಲೇ, "ಬಂದರು ನೋಡು, ಇನ್ನೂ ಇಳಿಯದವರು" ಎಂದು ಕೂಗುತ್ತಿದ್ದರು. ವರ್ಷ ವರ್ಷ ಇದು ನಡೆಯಿತು. ಅವರು ಖುಷಿಗೆ ಬರುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಐವತ್ತು ಸಲ ಹೇಳಿದರೂ ನಗುತ್ತಲೇ ಹೇಳುತ್ತಿದ್ದರು. ಆದರೆ ಬೆಳ್ಮಣ್ಣಿನಿಂದ ಉಡುಪಿಗೆ ಬಸ್ಸಿನಲ್ಲಿ ಬಂದು ಹೋಗುವುದು, ಕಾಲು ಎಳೆಯುವವರಿಗೆ, ಬರೀ ಚಾ ಕುಡಿಯಲಿಕ್ಕಲ್ಲ. ಅಷ್ಟು ತಿಳಿಯುವ ಬುದ್ಧಿ ನನಗಿರಲಿಲ್ಲ.

ಮೊಳೆಗಳು ಹೋಗಿ ಕಂಪ್ಯೂಟರ್ ಬಂತು. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಮೊಳೆಯ ಕಾಲದಲ್ಲಿ ಪ್ರತಿ ವರ್ಷ ಸಾಲನ್ನು ಹೊಸದಾಗಿ ಕಟ್ಟಬೇಕಿತ್ತು. ತಿದ್ದಲು ವರ್ಷಕ್ಕೊಮ್ಮೆ ಅವಕಾಶ ತಾನಾಗಿ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಒಮ್ಮೆ ತುಂಬಿಸಿದರೆ ಮುಗಿಯಿತು, ಆ ತಾರೀಖು ಬಂದಾಗ ಎರಡು ಗುಂಡಿ ಒತ್ತಿದರೆ ಹಳೆಯದೇ ಬಂದು ಕೂರುತ್ತದೆ. ನನ್ನ ಸುಳ್ಳು ಈಗ ನನ್ನ ಕೈಯ ಸಹಾಯವಿಲ್ಲದೆಯೇ ಬದುಕತೊಡಗಿತು. ಮಕ್ಕಳು ಅಂಕಣವನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದರು, ಮಾಸ್ತರರು ಶಾಲೆಯ ಫಲಕದಲ್ಲಿ ಬರೆದರು. ಹತ್ತಿಪ್ಪತ್ತು ವರ್ಷ ಅಚ್ಚಾದದ್ದು ದಾಖಲೆಯಾಗಿಬಿಟ್ಟಿತು.

ಒಂದು ಡಿಸೆಂಬರಿನಲ್ಲಿ ಕಾಪುವಿನಲ್ಲಿ ಶಾಲೆಗಳ ನಡುವೆ ರಸಪ್ರಶ್ನೆ ಸ್ಪರ್ಧೆ. ವಿಷಯ, ಯುದ್ಧಗಳ ಚರಿತ್ರೆ. ತೀರ್ಪುಗಾರ ಯಾರು? ನಾನು. ಎಸ್ಸೆಸ್ಸೆಲ್ಸಿಯವನು ಪದವೀಧರರ ನಡುವೆ ವೇದಿಕೆಯಲ್ಲಿ ಕುಳಿತೆ. ಹೆಗಲಿಗೆ ಶಾಲು ಬಿತ್ತು. ಬೆಳಗಿನ ಹೊತ್ತು, ಸಭಾಂಗಣ ತುಂಬಿತ್ತು. ನನಗೆ ನೆಲ ಕಾಣುತ್ತಿರಲಿಲ್ಲ, ಅಷ್ಟು ಉಬ್ಬಿಹೋಗಿದ್ದೆ.

ಕೊನೆಗೆ ಎರಡು ಶಾಲೆಗಳು ಸಮಸಮ ಬಂದವು. ಇನ್ನಂಜೆ ಕಡೆಯ ಶಾಲೆಯಿಂದ ಏಳನೇ ತರಗತಿಯ ಒಬ್ಬಳು ಹುಡುಗಿ ಎಲ್ಲ ಉತ್ತರಗಳನ್ನು ಪಟಪಟ ಹೇಳುತ್ತಿದ್ದಳು. ಎರಡು ಜಡೆ, ಮುಂದಿನ ಹಲ್ಲಿನ ನಡುವೆ ಸಂದು. ಪ್ರಶ್ನೆ ಕೇಳುವ ಮಾಸ್ತರರು ಕೊನೆಯ ಚೀಟಿ ತೆಗೆದರು: "೧೯೭೧ರಲ್ಲಿ ನಮ್ಮ ಪ್ಯಾರಾಚೂಟ್ ಪಡೆ ಟಾಂಗೈಲಿನಲ್ಲಿ ಇಳಿದ ದಿನಾಂಕ ಯಾವುದು?"

ಪ್ರಶ್ನೆ ಮುಗಿಯುವ ಮೊದಲೇ ಆ ಹುಡುಗಿ ಕುರ್ಚಿಯಿಂದ ಎದ್ದಳು. "ಡಿಸೆಂಬರ್ ಹನ್ನೊಂದು!" ಎಂದು ಹೇಳಿ ಸಭೆಯ ಕಡೆ ನೋಡಿ ನಕ್ಕಳು. ಅವಳು ನೋಡಿದ ಕಡೆ ನಾನೂ ನೋಡಿದೆ. ಮೂರನೇ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಸಂಜೀವಣ್ಣ. ಅವಳು ಅವರ ಮಗಳ ಮಗಳು.

"ತಪ್ಪು. ಸರಿ ಉತ್ತರ, ಡಿಸೆಂಬರ್ ಹನ್ನೆರಡು" ಎಂದರು ಮಾಸ್ತರರು.

ಸಂಜೀವಣ್ಣ ಎದ್ದು ನಿಂತರು. "ಮಾಸ್ಟ್ರೇ, ಮಗು ಹೇಳಿದ್ದೇ ಸರಿ. ನಾನು ಅಲ್ಲಿ ಇದ್ದೆ. ನಾನೇ ಹಾರಿದ್ದು." ಆಮೇಲೆ ನನ್ನ ಕಡೆ ತಿರುಗಿ, "ಇವರಿಗೂ ಗೊತ್ತುಂಟು, ಕೇಳಿ" ಎಂದರು.

ಎಲ್ಲರೂ ನನ್ನತ್ತ ನೋಡಿದರು. ಮಾಸ್ತರರು ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ನನಗೆ ಗೊತ್ತಿತ್ತು. ಚೀಟಿಯನ್ನು ಸರಿಸಿದ ಕೈ ನನ್ನದೇ. 'ಹುಡುಗಿ ಹೇಳಿದ್ದು ಸರಿ, ತಪ್ಪು ನನ್ನದು' ಎನ್ನಲು ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು ಇದು:

"ದಾಖಲೆ ಪ್ರಕಾರ ಹನ್ನೆರಡು. ಸಂಜೀವಣ್ಣನವರ ಮೇಲೆ ನಮಗೆ ಗೌರವ ಉಂಟು. ಆದರೆ ಅಷ್ಟು ಎತ್ತರದಿಂದ ಬಿದ್ದವರಿಗೆ ತಾರೀಖು ನೆನಪಿರುದು ಕಷ್ಟ, ಅಲ್ವಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆಯೂ ಬಂತು. ಮೂವತ್ತು ವರ್ಷದಲ್ಲಿ ನಾನು ಮಾಡಿದ ತಮಾಷೆಗಳಲ್ಲಿ ಅದರಷ್ಟು ಗೆದ್ದದ್ದು ಇನ್ನೊಂದಿಲ್ಲ. ಸಂಜೀವಣ್ಣನೂ ನಕ್ಕಂತೆ ಮಾಡಿ ಕುಳಿತರು.

ಬಹುಮಾನದ ಕಪ್ ಇನ್ನೊಂದು ಶಾಲೆಗೆ ಹೋಯಿತು. ಹುಡುಗಿ ವೇದಿಕೆಯಿಂದ ಇಳಿದು ಅಜ್ಜನ ಮುಂದೆ ನಿಂತಳು. ಅವಳು ಅಳುತ್ತಿರಲಿಲ್ಲ. ತುಳುವಿನಲ್ಲಿ ಕೇಳಿದಳು, ನನಗೆ ಸ್ಪಷ್ಟವಾಗಿ ಕೇಳಿಸಿತು: "ಅಜ್ಜ, ನೀವು ನಿಜವಾಗಿಯೂ ಹಾರಿದ್ದೀರಾ?"

"ಹಾರಿದ್ದೇನೆ ಮಗಾ."

"ಹಾಗಾದರೆ ಪೇಪರಿನಲ್ಲಿ ಯಾಕೆ ಬೇರೆ ಉಂಟು? ಕೆರೆಗೆ ಬಿದ್ದದ್ದೂ ಸುಳ್ಳಾ?"

ಅವರು ನನ್ನನ್ನು ನೋಡಿದರು. ನಾನು ಸೋಡಾ ಕುಡಿಯುತ್ತಿದ್ದೆ. ಇನ್ನೂ ಸ್ವಲ್ಪ ಕುಡಿದೆ.

ಲಿಲ್ಲಿ ಬಾಯಿಗೆ ಸುದ್ದಿ ಮುಟ್ಟಿತು. ಮರುದಿನ ನನ್ನ ಅಂಕಣದ ಪ್ರೂಫ್ ಒಂದೂ ಕೆಂಪು ಗೆರೆ ಇಲ್ಲದೆ ಬಂತು. ಅದರಲ್ಲಿ ಮೂರು ತಪ್ಪುಗಳು ಹಾಗೆಯೇ ಇದ್ದವು. ಕೇಳಿದ್ದಕ್ಕೆ, "ನೀವೇ ನೋಡ್ಕೊಳ್ಳಿ ಶೀನಣ್ಣ. ನೀವು ದಾಖಲೆ ಅಲ್ವಾ ಈಗ" ಎಂದರು. ಒಂದು ವಾರ ನನ್ನ ಹಾಳೆಗೆ ಅವರು ಪೆನ್ಸಿಲ್ ತಾಗಿಸಲಿಲ್ಲ.

ಮುಂದಿನ ವರ್ಷ ನಾನು ಟಾಂಗೈಲನ್ನು ಸದ್ದಿಲ್ಲದೆ ಹನ್ನೊಂದಕ್ಕೆ ತಂದೆ. ಹನ್ನೆರಡರ ಜಾಗದಲ್ಲಿ ಒಂದು ನಗೆಹನಿ ಹಾಕಿದೆ. ಯಾರೂ ಏನೂ ಕೇಳಲಿಲ್ಲ. ಅಷ್ಟು ಸುಲಭವಿತ್ತು ಅದು! 'ಹಿಂದೆ ತಪ್ಪಾಗಿ ಅಚ್ಚಾಗಿತ್ತು' ಎಂಬ ಒಂದು ಸಾಲು ಮಾತ್ರ ಹಾಕಲಿಲ್ಲ. ಆ ವರ್ಷ ಸಂಜೀವಣ್ಣ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಧೈರ್ಯ ಮಾಡಿ ಬೆಳ್ಮಣ್ಣಿಗೆ ಹೋದೆ. ಅಂಗಳದಲ್ಲಿ ಒಣಗಲು ಹಾಕಿದ ಕೊಬ್ಬರಿಯನ್ನು ಸಂಜೀವಣ್ಣ ಮಗುಚಿ ಹಾಕುತ್ತಿದ್ದರು. ನನ್ನನ್ನು ನೋಡಿ, "ಓ, ಬಂದಿಯಾ! ಕೂತ್ಕೋ. ನಾನು ಈಗ ಪೂರ್ತಿ ಇಳಿದಾಯ್ತು" ಎಂದರು.

ನಾನು ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದೆ. ಲಕೋಟೆ, ಚೀಟಿ, ಖಾಲಿ ಹನ್ನೆರಡು, ಮೈಕು, ಶಾಲು. ತಪ್ಪಾಯಿತು ಎಂದು ಕೈ ಮುಗಿದೆ.

ಅವರು ಹೊಟ್ಟೆ ಹಿಡಿದು ನಕ್ಕರು. "ಜಾಗ ಖಾಲಿ ಉಂಟು ಅಂತ ನನ್ನನ್ನು ಅಲ್ಲಿಗೆ ಹಾಕಿದ್ದಾ? ನಾನು ಇಷ್ಟು ವರ್ಷ ನಿನಗೆ ಗೊತ್ತಿಲ್ಲ, ಪಾಪ, ಅಂತ ತಿಳಿದಿದ್ದೆ ಮಾರಾಯ!" ನಗುತ್ತಾ ನಗುತ್ತಾ ಒಂದು ಕೊಬ್ಬರಿ ತುಂಡನ್ನು ನನ್ನ ಕೈಗೆ ಕೊಟ್ಟರು. "ನನಗೆ ಎಂತ ಬೇಸರ ಇಲ್ಲ. ಅವಳಿಗೆ ಹೇಳು."

"ಅವಳು ಈಗಲೂ..."

"ಆ ದಿನದಿಂದ ಅವಳು ನನ್ನತ್ರ ಒಂದು ಕತೆ ಹೇಳಿ ಅಂತ ಕೇಳ್ಲಿಲ್ಲ. ಪ್ರೀತಿ ಉಂಟು. ಮದ್ದು ತಂದು ಕೊಡ್ತಾಳೆ, ಕಾಲು ಉಜ್ಜುತ್ತಾಳೆ. ಕಾಲು ಹೇಗೆ ಹೀಗಾಯ್ತು ಅಂತ ಯಾರಾದರೂ ಕೇಳಿದ್ರೆ, ಅಜ್ಜ ಎಲ್ಲೋ ಬಿದ್ದದ್ದು ಅಂತಾಳೆ." ಅವರು ಮತ್ತೆ ಕೊಬ್ಬರಿ ಮಗುಚತೊಡಗಿದರು. "ಸಾಕ್ಷಿ ಎಂತ ಕೊಡುದು ನಾನು? ಪ್ಯಾರಾಚೂಟು ಮನೆಗೆ ಕೊಡುದಿಲ್ಲ. ಆ ಮುದುಕಿಯ ವಿಳಾಸ ನಾನು ತೆಗೊಳ್ಳಲಿಲ್ಲ. ನೀನು ಹೇಳಿದ್ರೆ ನಂಬ್ತಾಳೆ. ಅವಳ ಅಜ್ಜ ಸುಳ್ಳು ಅಂತ ಹೇಳಿದವನು ನೀನೇ ಅಲ್ವಾ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆಮೇಲಿನದ್ದು ನಿಮಗೆ ಗೊತ್ತು: ಕಣ್ಣು, ಮಳೆ, ಪೆನ್ನು.

ಕಳೆದ ತಿಂಗಳು ಮಣಿಪಾಲದ ಒಂದು ಲ್ಯಾಬಿಗೆ ರಕ್ತ ಕೊಡಲು ಹೋಗಿದ್ದೆ. ಕುರ್ಚಿಯಲ್ಲಿ ಕೂರಿಸಿದ ಹುಡುಗಿ ಕಂಪ್ಯೂಟರ್ ನೋಡುತ್ತಾ, "ಅಂಕಲ್, ಹುಟ್ಟಿದ ತಾರೀಖು ಜೂನ್ ಒಂದು ಅಲ್ವಾ?" ಎಂದಳು.

"ದಾಖಲೆಯಲ್ಲಿ ಹಾಗೆ ಉಂಟು. ಅದು ಶಾಲೆಗೆ ಸೇರಿಸುವಾಗ ಮಾಸ್ತರರು ಹಾಕಿದ್ದಮ್ಮ. ನಾನು ಹುಟ್ಟಿದ್ದು ಆಟಿ ತಿಂಗಳಲ್ಲಿ, ಜೋರು ಮಳೆಗೆ ಅಂತೆ."

ಅವಳು ನಕ್ಕಳು. "ಇರ್ಲಿ ಅಂಕಲ್. ಬರೆದದ್ದು ಎಂತ ಉಂಟೋ ಅದೇ ಸರಿ. ಬಾಯಲ್ಲಿ ಹೇಳಿದ್ದಕ್ಕೆ ಯಾರು ಕೇಳ್ತಾರೆ?"

ನಕ್ಕಾಗ ಮುಂದಿನ ಹಲ್ಲಿನ ನಡುವಿನ ಸಂದು ಕಂಡಿತು. ಕೋಟಿನ ಮೇಲಿನ ಹೆಸರು ಓದಿದೆ. "ಊರು ಯಾವುದಮ್ಮ?" ಎಂದೆ. "ಇನ್ನಂಜೆ. ಅಜ್ಜನ ಮನೆ ಬೆಳ್ಮಣ್" ಎಂದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೃದುವಾದ ಕೈ. ಹತ್ತಿ ಒತ್ತಿ ಹಿಡಿಯಲು ಹೇಳಿದಳು. ಐದು ನಿಮಿಷ ಅವಳ ಎದುರಿಗೇ ಹತ್ತಿ ಒತ್ತಿಕೊಂಡು ಕುಳಿತೆ. ಅವಳು ಇನ್ನೊಬ್ಬರನ್ನು ಕರೆದಳು. ನಾನು ಎದ್ದು ಬಂದೆ.

ಸಂಜೀವಣ್ಣ ಇನ್ನೂ ಗಟ್ಟಿಯಾಗಿದ್ದಾರೆ. ಮೊಮ್ಮಗಳಿಗೆ ಅವರ ಕತೆ ಕೇಳಲು ಇನ್ನೂ ಸಮಯ ಉಂಟು. ಹಾಗಾಗಿ ನಾನು ಅಂದು ಅಚ್ಚು ಹಾಕದೆ ಉಳಿಸಿಕೊಂಡ ಸಾಲನ್ನು ಇಲ್ಲಿ ಹಾಕುತ್ತಿದ್ದೇನೆ. ಇದನ್ನು ಹಿಡಿದುಕೊಂಡು ನಾಳೆ ಬೆಳಿಗ್ಗೆ ಮಣಿಪಾಲದ ಬಸ್ಸು ಹತ್ತುತ್ತೇನೆ.

ತಿದ್ದುಪಡಿ: ಟಾಂಗೈಲಿನಲ್ಲಿ ನಮ್ಮ ಪಡೆ ಇಳಿದದ್ದು ೧೯೭೧ರ ಡಿಸೆಂಬರ್ ಹನ್ನೊಂದರಂದು. ಬೆಳ್ಮಣ್ಣಿನ ಹವಾಲ್ದಾರ್ ಸಂಜೀವ ಅವರು ಅಂದು ನಿಜವಾಗಿಯೂ ಹಾರಿದ್ದರು, ನಿಜವಾಗಿಯೂ ಕೆರೆಗೆ ಬಿದ್ದಿದ್ದರು. ಕಾಪುವಿನ ಸ್ಪರ್ಧೆಯಲ್ಲಿ ತೀರ್ಪುಗಾರನು ಗೊತ್ತಿದ್ದೂ ಸುಳ್ಳು ಹೇಳಿದ. ಸರಿ ಉತ್ತರ ಕೊಟ್ಟವಳು ಇನ್ನಂಜೆಯ ಏಳನೇ ತರಗತಿಯ ಸುಪ್ರೀತಾ.